ದಿಂಬಿನಡಿ ಬಚ್ಚಿಟ್ಟ ಗೊಂಬೆ

ಪ್ರಶ್ನೆ: ನನ್ನ ಮಗನಿಗೆ ಮೂರೂವರೆ ವರ್ಷ. ಅಕ್ಕನ ಹಳೆಯ ಗೊಂಬೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಟವೆಲು ಹೊದಿಸಿ, ತಟ್ಟಿ ಮಲಗಿಸುವುದೆಂದರೆ ಅವನಿಗೆ ಬಹಳ ಇಷ್ಟ. ಮಾವನವರು ಇದನ್ನು ಕಂಡಾಗಲೆಲ್ಲ ‘ಗಂಡು ಹುಡುಗ ಗೊಂಬೆ ಆಡಿಸುತ್ತಾನೆಯೇ?’ ಎಂದು ಗದರಿ, ಆಟದ ಕಾರನ್ನು ಕೈಗೆ ಕೊಡುತ್ತಾರೆ. ಈಗೀಗ ಅವರ ಹೆಜ್ಜೆಯ ಸಪ್ಪಳ ಕೇಳಿದೊಡನೆ ಅವನು ಗೊಂಬೆಯನ್ನು ದಿಂಬಿನಡಿ ಬಚ್ಚಿಡುತ್ತಾನೆ. ಈ ಆಟದಿಂದ ಮುಂದೆ ತೊಂದರೆಯಾದೀತೇ? ಹಿರಿಯರಿಗೆ ಹೇಗೆ ತಿಳಿಸಿ ಹೇಳಲಿ?

ಉತ್ತರ: ಆಟದಿಂದ ಯಾವ ತೊಂದರೆಯೂ ಇಲ್ಲ. ತನ್ನನ್ನು ಹೇಗೆ ತಟ್ಟಿ ಮಲಗಿಸಿದರೋ ಹಾಗೆಯೇ ಅವನು ಗೊಂಬೆಯನ್ನು ಮಲಗಿಸುತ್ತಿದ್ದಾನೆ. ಇನ್ನೊಬ್ಬರಿಗೆ ಏನು ಬೇಕಾಗಿದೆ ಎಂದು ಊಹಿಸುವುದು ಈ ವಯಸ್ಸಿನಲ್ಲಿ ಕಲಿಯಬೇಕಾದ ದೊಡ್ಡ ಪಾಠ. ನನಗೆ ಸಂಕಟವಾದದ್ದು ಅವನು ಗೊಂಬೆಯನ್ನು ಬಚ್ಚಿಡುತ್ತಾನೆ ಎಂಬ ಮಾತನ್ನು ಓದಿದಾಗ. ಅಕ್ಕರೆ ತೋರುವುದೇ ತಪ್ಪು, ಅದನ್ನು ಮರೆಯಲ್ಲಿ ಮಾಡಬೇಕು ಎಂದು ಅವನು ಕಲಿಯತೊಡಗಿದ್ದಾನೆ.

ಎರಡು ಮೂರು ವರ್ಷದ ಹೊತ್ತಿಗೆ ಮಕ್ಕಳು ತಾವು ಹುಡುಗನೋ ಹುಡುಗಿಯೋ ಎಂದು ಹೇಳಬಲ್ಲರು. ಆದರೆ ಉಡುಪಿನಿಂದಾಗಲೀ ಆಟದಿಂದಾಗಲೀ ಅದು ಬದಲಾಗುವುದಿಲ್ಲ ಎಂಬ ತಿಳಿವಳಿಕೆ ಗಟ್ಟಿಯಾಗುವುದು ಸುಮಾರು ಆರೇಳು ವರ್ಷಕ್ಕೆ ಎಂದು ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ 1966ರಲ್ಲೇ ವಿವರಿಸಿದ್ದರು. ದೊಡ್ಡವರು ಅಭ್ಯಾಸಬಲದಿಂದ ಆಡಿದ ಮಾತೂ ಈ ನಡುವಿನ ವರ್ಷಗಳಲ್ಲಿ ಮಗುವಿಗೆ ಮೀರಬಾರದ ಕಟ್ಟಳೆಯಾಗಿ ಕೇಳಿಸುತ್ತದೆ.

ಮಾವನವರೊಬ್ಬರನ್ನೇ ದೂರಿ ಫಲವಿಲ್ಲ. 1978ರ ಅಧ್ಯಯನವೊಂದರಲ್ಲಿ ತಾಯಂದಿರ ಕೈಗೆ ತಮ್ಮದಲ್ಲದ ಆರು ತಿಂಗಳ ಕೂಸನ್ನು ಕೊಟ್ಟು ಆಡಿಸಲು ಹೇಳಿದಾಗ, ಹುಡುಗಿಯ ಉಡುಪಿನ ಕೂಸಿಗೆ ಹೆಚ್ಚಿನವರು ಮೊದಲು ಗೊಂಬೆಯನ್ನೂ ಹುಡುಗನ ಉಡುಪಿನ ಕೂಸಿಗೆ ಸುತ್ತಿಗೆಯಾಕಾರದ ಗಿಲಕಿಯನ್ನೂ ಕೊಟ್ಟರು. 1986ರ ಇನ್ನೊಂದು ಅಧ್ಯಯನದಲ್ಲಿ ಮಕ್ಕಳ ಮುಂದೆ ಅವರು ಎಂದೂ ಕಾಣದ ವಸ್ತುಗಳನ್ನಿಟ್ಟು, ಕೆಲವು ಹುಡುಗರವು, ಕೆಲವು ಹುಡುಗಿಯರವು ಎಂದು ಹೇಳಲಾಯಿತು. ತಮ್ಮದಲ್ಲ ಎನಿಸಿದ ವಸ್ತುಗಳನ್ನು ಮಕ್ಕಳು ಅಷ್ಟಾಗಿ ಮುಟ್ಟಿ ನೋಡಲಿಲ್ಲ. ವಾರದ ನಂತರ ಕೇಳಿದಾಗ ಅವುಗಳ ವಿವರವೂ ಅಷ್ಟಾಗಿ ನೆನಪಿರಲಿಲ್ಲ. ಹುಡುಗಿಯರಿಗೆ ಜೋಡಿಸುವ ಬ್ಲಾಕುಗಳನ್ನು ಕೊಡದೆ, ಆಕಾರ ಮತ್ತು ಅಳತೆಯ ಲೆಕ್ಕಾಚಾರದಲ್ಲಿ ಅವರ ಕೈ ಹಿಂದು ಎನ್ನುವುದು ಅನ್ಯಾಯವೆಂದು ನಾನು ನಂಬಿದ್ದೇನೆ. ನಿಮ್ಮ ಮಗಳಿಗೂ ಆ ಕಾರು ಸಿಗುತ್ತದೆಯೇ ಎಂಬುದನ್ನು ದಯವಿಟ್ಟು ಗಮನಿಸಿ.

ಹುಟ್ಟಿನಿಂದಲೇ ಬರುವ ಒಲವು ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಆಟಿಕೆಯ ಆಯ್ಕೆಯಲ್ಲಿ ಹಾರ್ಮೋನುಗಳ ಪಾತ್ರವೂ ಒಂದಿಷ್ಟು ಇದೆ ಎನ್ನಲು ಆಧಾರಗಳಿವೆ. ಆದರೆ ತಾನಾಗಿ ಬರುವ ಒಲವಿಗೆ ಗದರಿಕೆಯ ಊರುಗೋಲು ಏಕೆ ಬೇಕು?

ಮಾವನವರೊಂದಿಗೆ ಮಗುವಿನ ಎದುರು ವಾದಿಸಬೇಡಿ. ಅವರು ಒಬ್ಬರೇ ಇರುವಾಗ, ಮೊಮ್ಮಗ ತಮಗೆ ಹೆದರಿ ಬಚ್ಚಿಡುವುದನ್ನು ಕಲಿತಿದ್ದಾನೆ ಎಂಬುದನ್ನಷ್ಟೇ ಹೇಳಿ. ಅವನ ಮೇಲೆ ಅಷ್ಟೊಂದು ಕಾಳಜಿಯಿರುವ ಅಜ್ಜನಿಗೆ ಅದು ನಾಟದೇ ಇರಲಾರದು. ಕಾರನ್ನು ಕೊಡುವುದಾದರೆ ಗೊಂಬೆಯನ್ನು ಕಸಿದು ಕೊಡುವ ಬದಲು, ‘ಪಾಪುವಿಗೆ ಜ್ವರ ಬಂದಿದೆ, ಕಾರಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ’ ಎಂದು ಅವರೇ ಆಟಕ್ಕೆ ಸೇರಲಿ. ಮಗನ ತಂದೆಯೂ ಆಗಾಗ ಗೊಂಬೆಗೆ ಟವೆಲು ಹೊದಿಸಲಿ. ಈ ಮಧ್ಯೆ ದಿಂಬಿನಡಿ ಗೊಂಬೆ ನಿಮ್ಮ ಕಣ್ಣಿಗೆ ಬಿದ್ದರೆ ಅದನ್ನು ಎಳೆದು ತೆಗೆದು ಪ್ರಶ್ನಿಸಲು ಹೋಗಬೇಡಿ. ಅವನಾಗಿಯೇ ಹೊರತೆಗೆಯುವವರೆಗೆ ಕಾಯಿರಿ.