ಜೆಸಿಬಿಗೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ

ನೀವು ಹಾಕಿದ ಕೆರೆ ಫೋಟೋ ನೋಡಿದೆ ಸರ್. "ಊರವರು ಸಹಕರಿಸ್ತಿಲ್ಲ, ನಾವು ಎಂಟು ಜನ ದುಡ್ಡು ಹಾಕಿ ಹದಿನೈದು ದಿನದಲ್ಲಿ ಕೆರೆ ಹೂಳೆತ್ತಿಸ್ತೀವಿ. ಸುತ್ತ ಬೇಲಿ, ಮಧ್ಯೆ ಹಕ್ಕಿಗಳಿಗೆ ದಿಬ್ಬ, ಏರಿ ಮೇಲೆ ಪಾರಂಪರಿಕ ಕೆರೆ ಅಂತ ಬೋರ್ಡು" ಅಂದಿದ್ದೀರಿ. 2017ರಲ್ಲಿ ಇದೇ ಮಾತು ಆಡಿದವನು ನಾನು. ಬೇಜಾರಾದ್ರೂ ಪರವಾಗಿಲ್ಲ, ಹೇಳ್ತೀನಿ.

ಕೋಲಾರದ ಕಡೆ ನಮ್ಮದು, ಸಣ್ಣ ಕೆರೆ. ಹಿಟಾಚಿ ಇಳಿಸಿ ಆರಡಿ ತೆಗೆಸಿದ್ವಿ. ಕಪ್ಪು ಗೋಡು, ಅಂದ್ರೆ ಹೂಳು, ಮುಗಿದು ಹಳದಿ ಗರಸು ಮಣ್ಣು ಕಂಡರೂ ನಿಲ್ಲಿಸಲಿಲ್ಲ. ಆಪರೇಟರ್‌ಗೆ ಗಂಟೆ ಲೆಕ್ಕ, ನಮಗೆ ಆಳದ ಹುಚ್ಚು. ನೀರು ಹಿಡಿದಿಡೋದೇ ತಳದ ಜೇಡಿ, ಅದನ್ನೂ ಕಿತ್ತು ಹಾಕ್ತಿದ್ದೀವಿ ಅನ್ನೋದು ಎಂಟು ಜನರಲ್ಲಿ ಒಬ್ಬನಿಗೂ ಹೊಳೀಲಿಲ್ಲ. ಎರಡನೇ ದಿನ ಗದ್ದೆಗಳಿಗೆ ನೀರು ಬಿಡೋ ಹಳೇ ನೀರುಗಂಟಿ ತಾತ ಬಂದು ಏರಿ ಮೇಲೆ ನಿಂತಿದ್ರು. ನಮ್ಮ ಹುಡುಗ ಒಬ್ಬ "ಧೂಳು ಬರುತ್ತೆ ತಾತ, ಆ ಕಡೆ ಹೋಗಿ" ಅಂದ. ಹೋದ್ರು. ಮಳೆ ಬಂತು, ಕೆರೆ ತುಂಬ್ತು, ಸೆಲ್ಫಿ ಎಲ್ಲಾ ಆಯ್ತು. ಸಂಕ್ರಾಂತಿಗೆ ದನ ತೊಳೆಯೋಕೆ ನೀರಿಲ್ಲ. ಬೋರ್‌ವೆಲ್‌ಗೆ ಇಳೀತು ಬಿಡಿ ಅಂತ ಸಮಾಧಾನ ಮಾಡ್ಕೊಂಡ್ವಿ. ಇಳಿದಿದ್ದೂ ನಿಜವೇ, ಆದ್ರೆ ಬೋರ್ ಇದ್ದಿದ್ದು ನಮ್ಮ ಎಂಟು ಜನಕ್ಕೆ, ದನ ಇದ್ದಿದ್ದು ಊರಿಗೆಲ್ಲಾ.

ಇನ್ನೊಂದು ಆಮೇಲೆ ಗೊತ್ತಾಯ್ತು. ನಾವು ಸಾಫ್ ಮಾಡಿದ ಮೂಲೆ ಕುಂಬಾರರು ಮಣ್ಣು ತೆಗೀತಿದ್ದ ಜಾಗ. ಬೇಲಿ ಬಿದ್ದಿದ್ದು ಕುರಿ ಇಳಿಯೋ ದಾರಿಗೆ. ಮಡಿವಾಳರ ಒಗೆಯೋ ಕಲ್ಲು, ಏರಿಗೆ ಕಲ್ಲು ಹೊದಿಸೋ ಪಿಚಿಂಗ್‌ಗೆ ಹೋಗಿತ್ತು, ಗಂಗೆ ಪೂಜೆಗೆ ಇಳಿಯೋ ಮೆಟ್ಟಿಲು ಮಣ್ಣಲ್ಲಿ ಮುಚ್ಚಿತ್ತು. ಮುಂದಿನ ವರ್ಷ ಕೆರೆಗೆ ನೀರು ತರೋ ಪೋಷಕ ಕಾಲುವೆ ಕ್ಲೀನ್ ಮಾಡೋಣ ಬನ್ನಿ ಅಂತ ತಮಟೆ ಹೊಡೆಸಿದ್ರೆ ಬಂದಿದ್ದು ಅದೇ ಎಂಟು ಜನ. ಅದಕ್ಕೇ ಕೇಳ್ತಿದ್ದೀನಿ, ಊರವರು ಸಹಕರಿಸ್ತಿಲ್ಲವಾ, ನೀವು ಕೇಳಿಲ್ಲವಾ?

ಆಮೇಲೆ ನಮಗೆ ಕೈ ಹಿಡಿದಿದ್ದು ಕೆರೆ ಸುತ್ತು. ಮೀಟಿಂಗ್ ಬೇಡ, ಮೀಟಿಂಗಲ್ಲಿ ಮೈಕ್ ಹಿಡಿದವನೇ ಊರಾಗಿಬಿಡ್ತಾನೆ. ನೀರುಗಂಟಿ, ಕುರಿ ಕಾಯೋರು, ಮೀನಿನ ಹರಾಜು ಹಿಡಿದೋರು, ಅಚ್ಚುಕಟ್ಟಿನ (ಕೆರೆ ನೀರು ಹರಿಯೋ ಜಮೀನಿನ) ಕೊನೇ ಗದ್ದೆಯವರು, ಇಷ್ಟು ಜನರನ್ನ ಕರ್ಕೊಂಡು ಬೆಳಗ್ಗೆ ಆರಕ್ಕೆ ಕೋಡಿಯಿಂದ (ಹೆಚ್ಚಾದ ನೀರು ಹೊರಗೆ ಹರಿಯೋ ಜಾಗ) ಹೊರಡಿ. ಏರಿ, ಗದ್ದೆಗೆ ನೀರು ಬಿಡೋ ತೂಬು, ಕೆರೆ ಅಂಗಳ, ಕಾಲುವೆ ಬಾಯಿ ತನಕ ನಡೀರಿ, ನಿಂತಲ್ಲೆಲ್ಲಾ ಬಾಯಿ ಮುಚ್ಕೊಂಡು ಕೇಳಿ. ವಾಪಸ್ ಬಂದು ನೆಲದ ಮೇಲೆ ರಂಗೋಲಿ ಪುಡೀಲಿ ಕೆರೆ ಬರೆದು, ಯಾವ ತಿಂಗಳು ಯಾರು ಎಲ್ಲಿ ಇಳೀತಾರೆ ಅಂತ ಕಲ್ಲು ಇಡಿಸಿ. ನಾವು ಇದನ್ನ ಮೂರು ಸಲ ಮಾಡಿದ್ವಿ: ಬೇಸಿಗೆ, ತುಂಬಿದಾಗ, ಇಳಿಯೋವಾಗ. ಒಂದೇ ಸಲಕ್ಕೆ ಅರ್ಧ ಕೆರೆ ಮಾತ್ರ ಗೊತ್ತಾಗುತ್ತೆ.

ಹೆಂಗಸರನ್ನ ಬೇರೆ ಕೂರಿಸಿ ಕೇಳಿ, ಅರಳಿಕಟ್ಟೆ ಮುಂದೆ ಅವರು ಬಾಯಿ ಬಿಡಲ್ಲ. ಕೇರಿಗೆ ನೀವೇ ಹೋಗಿ, ಹೇಳಿ ಕಳಿಸಬೇಡಿ. ಹಂಗಂತ ಹಳೇ ಪದ್ಧತಿ ಎಲ್ಲಾ ಚಿನ್ನ ಅಂತಲ್ಲ. ಕೆರೆ ನೋಡಿಕೊಳ್ಳೋಕೆ ಬಿತ್ತುವಟ್ಟ, ಕಟ್ಟುಕೊಡಗಿ ಅಂತ ದತ್ತಿ ಬಿಟ್ಟಿದ್ದು ಶಾಸನಗಳಲ್ಲೇ ಇದೆ, ಆದ್ರೆ ಜಮೀನಿಲ್ಲದವನ ಪಾಲಿಗೆ ಆಗಲೂ ಬಂದಿದ್ದು ಬಿಟ್ಟಿ ಚಾಕರಿಯೇ. ಅದನ್ನೂ ವಾಪಸ್ ತರೋಕೆ ಹೋಗಬೇಡಿ.

ದಿಬ್ಬದ ಆಸೆ ಬಿಡಿ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಕೆರೆ ಶಾಸನ ಇದೆ, ವಿಜಯನಗರದ ಕಾಲದ್ದು. ಕೆರೆಗೆ ಬೇಕಾದ ಹನ್ನೆರಡು ಅಂಗ, ಬೇಡದ ಆರು ದೋಷ ಅಂತ ಪಟ್ಟಿ ಕೊಡುತ್ತೆ. ಏರಿ ಜಿನುಗೋದು ಒಂದು ದೋಷ, ಮಧ್ಯೆ ಎತ್ತರ ಇರೋದು ಇನ್ನೊಂದು. ನೀವು ಆ ದೋಷವನ್ನ ದುಡ್ಡು ಕೊಟ್ಟು ಮಾಡಿಸ್ತಿದ್ದೀರಿ! ಹಕ್ಕಿಗೆ ಬೇಕಾಗಿರೋದು ತೆಳು ನೀರಿನ ಅಂಚು. ಬಾನಿ ತರ ಕಡಿದಾಗಿ ಅಗೆದ್ರೆ ಹಕ್ಕಿ ನಿಲ್ಲಲ್ಲ, ದನ ಇಳಿಯಲ್ಲ, ಮಗು ಜಾರಿದ್ರೆ ಮೇಲೆ ಬರಲ್ಲ. ತೂಬಿನ ಕಡೆಗೆ ನಿಧಾನ ಇಳಿಜಾರು ಕೊಡಿ. ಏರಿ ಬುಡದಿಂದ ಹತ್ತು ಹದಿನೈದು ಮೀಟರ್ ಒಳಗೆ ಬಕೆಟ್ ತಾಗಿಸಲೇಬೇಡಿ. ಮೊದಲು ನಾಲ್ಕೈದು ಕಡೆ ಗುಂಡಿ ತೋಡಿ ಗೋಡು ಎಷ್ಟಡಿ, ಜೇಡಿ ಎಲ್ಲಿ ಶುರು ಅಂತ ನೋಡಿ, ಅಲ್ಲಿಗೆ ಗೂಟ ಹೊಡೀರಿ. ಆಪರೇಟರ್ ಮಾತಲ್ಲ, ಗೂಟದ ಮಾತು ನಡೀಬೇಕು.

ಮೆಷಿನ್ ಅಂದ್ರೆ ನನ್ನ ಅಭಿಪ್ರಾಯ: ಜೆಸಿಬಿ ಕಾಲುವೆಗೆ ಸರಿ, ಅಂಗಳಕ್ಕೆ ಹಿಟಾಚಿಯೇ ವಾಸಿ, ಅದಕ್ಕೆ ಟೈರಲ್ಲ ಚೈನು, ಹಸಿ ಮಣ್ಣಲ್ಲಿ ಹೂತುಕೊಳ್ಳಲ್ಲ. ಟಿಪ್ಪರ್ ಬೇಡ್ವೇ ಬೇಡ. ಟಿಪ್ಪರ್ ಬಂದ್ರೆ ಹಿಂದೇನೇ ಇಟ್ಟಿಗೆ ಗೂಡಿನವರೂ ಬರ್ತಾರೆ, ಆಮೇಲೆ ಗೂಟ ರಾತ್ರಿ ನಡೆಯೋಕೆ ಶುರುವಾಗುತ್ತೆ. ಮೆಷಿನ್ ಬಾಡಿಗೆ ಗುಂಪಿಂದ, ಸಾಗಿಸೋ ಟ್ರ್ಯಾಕ್ಟರ್ ರೈತಂದು, ಹೂಳು ಪುಕ್ಕಟೆ. ತನ್ನ ಹೊಲಕ್ಕೆ ಹಾಕೋನು ಗರಸು ತುಂಬಿಸಿಕೊಳ್ಳಲ್ಲ, ಅವನೇ ನಿಮ್ಮ ಇನ್ಸ್‌ಪೆಕ್ಟರ್. ಚರಂಡಿ ಸೇರೋ ಕೆರೆ ಆದ್ರೆ ಮಾತ್ರ ಮಣ್ಣು ಟೆಸ್ಟ್ ಮಾಡಿಸದೆ ಹೊಲಕ್ಕೆ ಬಿಡಬೇಡಿ.

ಕೆರೆ ಗಡಿಗೆ ಸರ್ಕಾರದ ದಿಶಾಂಕ್ ಆ್ಯಪ್ ನೋಡಿ, ಸರ್ವೆ ನಂಬರ್ ಸಿಗುತ್ತೆ, ಆದ್ರೆ ಅದನ್ನೇ ನಂಬಿ ಕಲ್ಲು ನೆಡಬೇಡಿ, ತಾಲ್ಲೂಕು ಸರ್ವೇಯರ್ ಬರಲಿ. ಅಚ್ಚುಕಟ್ಟು 40 ಹೆಕ್ಟೇರ್ ದಾಟಿದ್ರೆ ಸಣ್ಣ ನೀರಾವರಿ ಇಲಾಖೆ, ಕಮ್ಮಿ ಇದ್ರೆ ಪಂಚಾಯತ್ ಕಡೆ. ಅರ್ಜಿ ಸರಿಯಾದ ಬಾಗಿಲಿಗೆ ಹೋಗದಿದ್ರೆ ಕೆಲಸ ಅರ್ಧಕ್ಕೆ ನಿಲ್ಲುತ್ತೆ.

ಕೋಡಿ ಎತ್ತರಿಸೋಣ ಅಂತ ಯಾರಾದ್ರೂ ಅಂದ್ರೆ ಅಲ್ಲೇ ಬಾಯಿ ಮುಚ್ಚಿಸಿ. ಹೆಚ್ಚು ನೀರು ನಿಂತ್ರೆ ಮೇಲಿನ ಹೊಲ ಮುಳುಗುತ್ತೆ, ಇಲ್ಲಾ ಏರಿ ಒಡೆಯುತ್ತೆ, ಕೆಳಗಿನ ಕೆರೆಗೂ ಗಂಡಾಂತರ. ಏರಿ ಮೇಲೆ ದೊಡ್ಡ ಮರ ಬೇಡ, ಸತ್ತ ಬೇರು ನೀರಿಗೆ ದಾರಿ. ಲಾವಂಚದ ಹುಲ್ಲು, ಲಕ್ಕಿ ಗಿಡ ಸಾಕು. ಹಳೇ ಕಲ್ಲು ತೂಬು ಕಿತ್ತು ಪೈಪ್ ಹಾಕಬೇಡಿ. ಅದರ ಕಂಡಿ (ತೂತು) ಒಂದೊಂದೇ ಬಿಚ್ಚೋ ಲೆಕ್ಕ ನೀರುಗಂಟಿ ಕೈಲಿದೆ, ತೂಬು ಹೋದ್ರೆ ಲೆಕ್ಕವೂ ಹೋಗುತ್ತೆ.

ಬೋರ್ಡಿನ ವಿಷಯ. ಜನ ಬಳಸ್ತಾ ರೂಪಿಸಿದ ಇಂಥ ನೆಲಕ್ಕೆ ಯುನೆಸ್ಕೋ 1992ರಿಂದ ಸಾಂಸ್ಕೃತಿಕ ಭೂದೃಶ್ಯ ಅಂತ ವಿಶ್ವ ಪರಂಪರೆ ಲೆಕ್ಕದಲ್ಲಿ ಜಾಗ ಕೊಟ್ಟಿದೆ, ಒಳ್ಳೇದೇ. ಬೇಲಿ ಹಾಕಿ ಜನರನ್ನ ಆಚೆ ಇಟ್ಟು ಆ ಹೆಸರು ಬರೆದ್ರೆ ನಗ್ತಾರೆ ಅಷ್ಟೇ. ನಮ್ಮ ಬೋರ್ಡ್ ಮೇಲೆ ಈಗ ಬಟ್ಟೆ ಒಣಗ್ತಿದೆ, ಮಡಿವಾಳರಿಗೆ ಹೊಸ ಕಲ್ಲು ಹಾಕಿಸಿದ ಮೇಲೆ.

ಅಡ್ವಾನ್ಸ್ ಕೊಟ್ಟಾಗಿದ್ರೆ ಮೊದಲ ಎರಡು ದಿನ ಕಾಲುವೆ ಕೆಲಸಕ್ಕೆ ಬಳಸಿ, ಅಂಗಳಕ್ಕೆ ಇಳಿಸಬೇಡಿ. ತೂಬು, ಕೋಡಿ ಫೋಟೋ ಹಾಕಿ, ಗುಂಡಿ ತೋಡಿದ ಮೇಲೆ ಮಣ್ಣಿನ ಫೋಟೋನೂ ಹಾಕಿ. ನೋಡಿ ಹೇಳ್ತೀನಿ.