ಬುಡ ಅಗೆಯುವ ನಲವತ್ತು ದಿನ

ಪ್ರಶ್ನೆ: ಪ್ರತಿ ವರ್ಷ ಲೆಂಟ್ ಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲ ಬಂದಾಗ ದೊಡ್ಡ ದೊಡ್ಡ ತೀರ್ಮಾನ ಮಾಡುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಪ್ರಾರ್ಥನೆ, ಬೈಬಲಿನ ಹೊಸ ಒಡಂಬಡಿಕೆ ಪೂರ್ತಿ ಓದುವುದು, ವಾರಕ್ಕೆರಡು ದಿನ ಉಪವಾಸ. ಹತ್ತನೇ ದಿನಕ್ಕೆ ಎಲ್ಲ ನಿಂತುಹೋಗುತ್ತದೆ. ಆಮೇಲೆ ಈಸ್ಟರ್ ತನಕ ತಪ್ಪು ಮಾಡಿದೆ ಅನ್ನುವ ಕೊರಗು. ಹೋದ ವರ್ಷ ಹಟ ಹಿಡಿದು ಪೂರ್ತಿ ಮಾಡಿದೆ. ಆದರೆ ಒಳಗೆ ಏನೂ ಬದಲಾದ ಹಾಗೆ ಅನಿಸಲಿಲ್ಲ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನಿಮ್ಮ ಆಸೆಯಲ್ಲಿ ತಪ್ಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೀಗೆ ಕೇಳುವವರು ಅಷ್ಟರಲ್ಲೇ ತಮ್ಮನ್ನು ತಾವು ಸಾಕಷ್ಟು ಬೈದುಕೊಂಡಿರುತ್ತಾರೆ. ಬೆಳೆಯಬೇಕು ಅನ್ನುವ ಹಸಿವೂ ದೇವರು ಕೊಟ್ಟದ್ದೇ.

ಎಡವುತ್ತಿರುವುದು ಲೆಕ್ಕದಲ್ಲಿ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. 40 ದಿನಕ್ಕೆ ಹಂಚಿದರೆ ದಿನಕ್ಕೆ ಆರೂವರೆ. ಕೆಲಸ, ಮನೆ, ಮಕ್ಕಳು ಎಲ್ಲ ಇರುವವರಿಗೆ ಓದು ಹೋಗಿ ಓಟವಾಗುತ್ತದೆ.

ಯೇಸು ಹೇಳಿದ ಒಂದು ಸಾಮ್ಯ, ಅಂದರೆ ನೀತಿ ಹೇಳುವ ಪುಟ್ಟ ಕಥೆ, ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿದೆ. ಅಂಜೂರದ ಮರದಲ್ಲಿ ಮೂರು ವರ್ಷದಿಂದ ಹಣ್ಣೇ ಸಿಕ್ಕಿಲ್ಲ. ಕಡಿದುಹಾಕು ಅನ್ನುತ್ತಾನೆ ಯಜಮಾನ. ಇದೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅಂತ ತೋಟಗಾರ ಬೇಡಿಕೊಳ್ಳುತ್ತಾನೆ. ಕೊಂಬೆಗೆ ಹಣ್ಣು ಕಟ್ಟುತ್ತೇನೆ ಅನ್ನಲಿಲ್ಲ ಅಲ್ವಾ? ಅವನ ಕಣ್ಣು ಬುಡದ ಮೇಲಿತ್ತು. ಮುಂದಿನ ವರ್ಷ ಹಣ್ಣು ಬಂತೋ ಇಲ್ಲವೋ ಲೂಕ ಹೇಳುವುದೇ ಇಲ್ಲ. ಕಥೆ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಪಾಲಿಗೆ ಬಂದಿರುವುದೂ ಅಗೆಯುವ ಕೆಲಸ. ಪ್ರೀತಿ, ಸಂತೋಷ, ಸಮಾಧಾನದಿಂದ ಹಿಡಿದು ಒಂಬತ್ತು ಗುಣಗಳನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಎಣಿಸಿ ಹೇಳುವ ಅಪೊಸ್ತಲ ಪೌಲ, ಅವನ್ನು ಪವಿತ್ರಾತ್ಮನ ಫಲ ಅಂತಲೇ ಕರೆಯುತ್ತಾನೆ. ಫಲ ಕೊಡುವವನು ಆತನು.

ಈ ಸಲ ಒಂದನ್ನೇ ಹಿಡಿಯಿರಿ. ಮಾರ್ಕನ ಸುವಾರ್ತೆ ಆಗಬಹುದು. ಅದರಲ್ಲಿರುವುದು 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ ಓದಿದರೆ 32 ದಿನಕ್ಕೆ ಮುಗಿಯುತ್ತದೆ. ಉಳಿಯುವ ಎಂಟು ದಿನವನ್ನು ತಪ್ಪಿಹೋಗುವ ದಿನಗಳಿಗೆ ಅಂತ ಮೊದಲೇ ತೆಗೆದಿಡಿ. ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಸುಮ್ನೆ ಮನಸ್ಸೇ ಇಲ್ಲದ ದಿನವೂ ಇರುತ್ತದೆ. ತಪ್ಪಿದ್ದನ್ನು ಮರುದಿನ ಸೇರಿಸಿ ಡಬಲ್ ಓದಬೇಡಿ. ನಿಂತಲ್ಲಿಂದ ಮುಂದುವರಿಸಿ. ಲೆಂಟ್ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನವಾಗುತ್ತದೆ, ಗಮನಿಸಿದ್ದೀರಾ? ನಡುವಿನ ಆರು ಭಾನುವಾರ ಬಿಟ್ಟರೆ ಮಾತ್ರ ನಲವತ್ತು. ಭಾನುವಾರ ಯೇಸುವಿನ ಪುನರುತ್ಥಾನದ ದಿನ, ಅದು ಉಪವಾಸದ ಲೆಕ್ಕಕ್ಕೆ ಬರುವುದಿಲ್ಲ. ನೀವೂ ಆ ದಿನ ಹಾಯಾಗಿರಿ.

ಓದುವ ರೀತಿ ಮುಖ್ಯ. ಮೊದಲ ಸಲ ಸಾದಾ ಓದಿ. ಎರಡನೇ ಸಲ ಮೆಲ್ಲಗೆ, ಬಾಯಿಬಿಟ್ಟು ಓದಿ. ಮನಸ್ಸು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ನಿಲ್ಲಿ. ಮಾರ್ಕನ ಹತ್ತನೇ ಅಧ್ಯಾಯದಲ್ಲಿ ಯೇಸು ಕುರುಡ ಬಾರ್ತಿಮಾಯನನ್ನು, ನಾನು ನಿನಗೆ ಏನು ಮಾಡಬೇಕು ಅಂತ ಕೇಳುತ್ತಾನೆ. ಕಣ್ಣಿಲ್ಲದವನಿಗೆ ಏನು ಬೇಕು ಅಂತ ಆತನಿಗೆ ಗೊತ್ತಿರಲಿಲ್ಲವೇ? ಆದರೂ ಅವನ ಬಾಯಿಂದಲೇ ಕೇಳಬೇಕಿತ್ತು. ಅದೇ ಪ್ರಶ್ನೆ ನಿಮಗೆ ಬಂದರೆ ಏನು ಹೇಳುತ್ತೀರಿ? ಒಂದಿಡೀ ದಿನಕ್ಕೆ ಅಷ್ಟು ಸಾಕು. 12ನೇ ಶತಮಾನದ ಸನ್ಯಾಸಿ ಗ್ವಿಗೊ ಓದುವುದನ್ನು ತುತ್ತು ಬಾಯಿಗಿಡುವುದಕ್ಕೆ, ಧ್ಯಾನವನ್ನು ಅದನ್ನು ಅಗಿಯುವುದಕ್ಕೆ ಹೋಲಿಸಿದ. ನಾವು ತುತ್ತಿನ ಮೇಲೆ ತುತ್ತು ತುರುಕಿಕೊಂಡು ರುಚಿಯೇ ಇಲ್ಲ ಅನ್ನುತ್ತೇವೆ.

ಇನ್ನೊಂದು, ರಾತ್ರಿ ಮಲಗುವ ಮುಂಚೆ ಒಂದೇ ಸಾಲು ಬರೆಯಿರಿ: ಇವತ್ತು ನನ್ನ ಮನಸ್ಸು ಎಲ್ಲಿ ಸಿಟ್ಟಾಯಿತು, ಎಲ್ಲಿ ತಣ್ಣಗಾಯಿತು. ನಾನು ಸಭಾಪಾಲಕನಾದ ಹೊಸದರಲ್ಲಿ ಒಂದು ಲೆಂಟ್ ಪೂರ್ತಿ ಹೀಗೆ ಬರೆದೆ. ಕೆಲವು ದಿನ "ನಿದ್ದೆ ಬಂತು" ಅಂತಷ್ಟೇ ಇದೆ. ಐದನೇ ವಾರ ಪುಟ ತಿರುವಿದಾಗ ಒಬ್ಬ ಹಿರಿಯರ ಹೆಸರು ಏಳು ಸಲ ಕಂಡಿತು, ಏಳು ಸಲವೂ ಸಿಟ್ಟಿನ ಪಕ್ಕದಲ್ಲಿ. ಅಷ್ಟು ದಿನ ನಾನು ತಾಳ್ಮೆಗಾಗಿ ಪ್ರಾರ್ಥಿಸುತ್ತಿದ್ದೆ, ಅವರಿಗಾಗಿ ಒಮ್ಮೆಯೂ ಪ್ರಾರ್ಥಿಸಿರಲಿಲ್ಲ. ಶುಭ ಶುಕ್ರವಾರಕ್ಕೆ ಎರಡು ದಿನ ಮುಂಚೆ ಅವರ ಮನೆಗೆ ಹೋದೆ. ಮಾತು ಸರಾಗವಾಗಿ ಬರಲಿಲ್ಲ, ಆದರೆ ಹೋದೆ. ಆ ವರ್ಷ ನನ್ನ ಬುಡ ಅಗೆದದ್ದು ಆ ನೋಟ್‌ಬುಕ್.

ಒಳಗೆ ಏನೂ ಬದಲಾದಂತೆ ಅನಿಸಲಿಲ್ಲ ಅಂದಿರಿ. ಮಗುವಿಗೆ ತಾನು ಬೆಳೆದದ್ದು ಗೊತ್ತಾಗುವುದಿಲ್ಲ. ಅಂಗಿ ಗಿಡ್ಡವಾದಾಗ ತಾಯಿಗೆ ಗೊತ್ತಾಗುತ್ತದೆ. ನಿಮ್ಮ ಜೊತೆ ಬದುಕುವ ಒಬ್ಬರನ್ನು ಕೇಳಿ ನೋಡಿ. ಪ್ರಾರ್ಥನೆ ಒಣಗಿದ ದಿನಗಳಲ್ಲಿ ಬೈಬಲಿನ 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ.

ಪ್ರಶ್ನೆ: ನನಗೆ ಡಯಾಬಿಟಿಸ್ ಇದೆ, ಇನ್ಸುಲಿನ್ ತಗೊಳ್ಳುತ್ತೇನೆ. ಉಪವಾಸ ಮಾಡದೆ ಲೆಂಟ್ ಆಚರಿಸಿದರೆ ಅರೆಬರೆ ಆಗುವುದಿಲ್ಲವೇ?

ಉತ್ತರ: ಖಂಡಿತ ಆಗುವುದಿಲ್ಲ. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಮಟ್ಟ ಅಪಾಯದಷ್ಟು ಇಳಿಯಬಹುದು. ದಯವಿಟ್ಟು ನೀವಾಗಿ ಪ್ರಯೋಗ ಮಾಡಬೇಡಿ, ಡಾಕ್ಟರನ್ನು ಕೇಳಿ. 18ರಿಂದ 59 ವರ್ಷದವರಿಗೆ ಉಪವಾಸದ ನಿಯಮ ಇಟ್ಟಿರುವ ಕಥೋಲಿಕ ಸಭೆಯೂ ಕಾಯಿಲೆಯವರನ್ನು ಅದರಿಂದ ಬಿಟ್ಟಿದೆ. ಬೈಬಲಿನಲ್ಲಿ ಪ್ರವಾದಿ ಎಲೀಯ ಸೋತು, ಸಾವು ಬೇಡಿ ಗಿಡದ ಕೆಳಗೆ ಮಲಗಿದಾಗ ದೇವದೂತ ಎರಡು ಸಲ ಎಬ್ಬಿಸಿ ಊಟ ಮಾಡಿಸಿದ. ಆ ಊಟದ ಬಲದಿಂದಲೇ ಅವನು ಹೋರೇಬ್ ಬೆಟ್ಟಕ್ಕೆ ನಲವತ್ತು ದಿನ ನಡೆದ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬಿಡಲೇಬೇಕು ಅನಿಸಿದರೆ ರಾತ್ರಿ ಒಂಬತ್ತರ ಮೇಲೆ ಫೋನ್ ಬಿಡಿ. ಆ ಹೊತ್ತಿನಲ್ಲಿ ಒಂಟಿಯಾಗಿರುವ ಯಾರಾದರೊಬ್ಬರ ಹೆಸರು ಹೇಳಿ ಪ್ರಾರ್ಥಿಸಿ, ಮರುದಿನ ಹೋಗಿ ಅವರನ್ನು ಮಾತಾಡಿಸಿಕೊಂಡು ಬನ್ನಿ.