ಫ್ರಾನ್ಸಿನಲ್ಲಿ ಹಳೆಯ ರೀತಿಯ ರೇಷ್ಮೆ ನೇಯ್ಗೆಯನ್ನು ಎಲ್ಲಿ ನೋಡಬಹುದು?

ಹತ್ತು ದಿನ ಫ್ರಾನ್ಸಿನಲ್ಲಿ ಇರುವುದಾಗಿಯೂ, ಪ್ಯಾರಿಸ್ಸಿನ ಸುತ್ತಮುತ್ತ ಕೈಮಗ್ಗದ ಮೇಲೆ ರೇಷ್ಮೆ ನೇಯುವ ಮನೆಯೋ ಕಾರ್ಯಾಗಾರವೋ ಇದ್ದರೆ ನೋಡಬೇಕೆಂಬ ಆಸೆಯಿರುವುದಾಗಿಯೂ ಬರೆದಿದ್ದೀರಿ. ಪ್ಯಾರಿಸ್ಸಿನಲ್ಲಿ ಹುಡುಕುತ್ತಾ ದಿನ ಕಳೆಯಬೇಡಿ, ಲಿಯೋನ್ ನಗರಕ್ಕೆ ಹೋಗಿ. ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. 1536ರಲ್ಲಿ ದೊರೆ ಮೊದಲನೆಯ ಫ್ರಾನ್ಸ್ವಾ ಆ ಊರಿನ ರೇಷ್ಮೆ ನೇಯ್ಗೆಗೆ ವಿಶೇಷ ಸವಲತ್ತುಗಳನ್ನು ಕೊಟ್ಟ. ಅಲ್ಲಿಂದ ಮುಂದೆ ಫ್ರಾನ್ಸಿನ ರೇಷ್ಮೆಯೆಂದರೆ ಲಿಯೋನಿನ ರೇಷ್ಮೆಯೆಂದೇ ಆಯಿತು.

ನಾನು ಮೊಳಕಾಲ್ಮೂರಿನ ನೇಕಾರರ ಮನೆಯವನು. ನಮ್ಮಲ್ಲಿ ನೇಕಾರರ ಕೇರಿಯನ್ನು ಯಾರೂ ವಿಳಾಸ ಹಿಡಿದು ಹುಡುಕುವುದಿಲ್ಲ, ಮಗ್ಗದ ಸದ್ದು ಕೇಳಿದ ಕಡೆಗೆ ನಡೆದರೆ ಸಾಕು. ಅದೇ ಅಭ್ಯಾಸದಲ್ಲಿ ನಾನು ಲಿಯೋನಿನಲ್ಲಿಯೂ ಕಿವಿಯನ್ನೇ ನಂಬಿ ಅರ್ಧ ದಿನ ಹಾಳುಮಾಡಿಕೊಂಡೆ. ಒಂದು ಕಾಲಕ್ಕೆ ಅಲ್ಲಿನವರು ಮಗ್ಗದ ಸದ್ದನ್ನು 'ಬಿಸ್ತಾಂಕ್ಲಾಕ್' ಎಂದು ಅನುಕರಿಸುತ್ತಿದ್ದರಂತೆ. ಈಗ ಆ ಬೀದಿಗಳಲ್ಲಿ ಆ ಸದ್ದಿಲ್ಲ. ಅದೇ ದಿನ ಹಳೆಯ ಪೇಟೆಯಲ್ಲಿ 'ಕಾರ್ಯಾಗಾರ' ಎಂಬ ಫಲಕ ಕಂಡು ಒಂದು ಅಂಗಡಿಯ ಒಳಗೆ ಹೋದರೆ, ಅವರು ತೋರಿಸಿದ್ದು ಎಲ್ಲಿಯೋ ನೇಯ್ದು ತಂದ ಬಟ್ಟೆಯ ಮೇಲೆ ಬಣ್ಣದ ಅಚ್ಚು ಹಾಕುವುದನ್ನು. ಅದೂ ಕುಶಲ ಕೆಲಸವೇ, ಆದರೆ ನೇಯ್ಗೆಯಲ್ಲ. ಆದ್ದರಿಂದ ಯಾವ ಅಂಗಡಿಗೆ ಹೋದರೂ ಮೊದಲು ಮಗ್ಗವಿದೆಯೇ ಎಂದು ಕೇಳಿ.

ನೀವು ಹೋಗಬೇಕಾದದ್ದು ಕ್ರುವಾ-ರೂಸ್ ಎಂಬ ಗುಡ್ಡಕ್ಕೆ. ಮೆಟ್ರೋದ 'ಸಿ' ಮಾರ್ಗ ಹಲ್ಲುಕಂಬಿಯ ಆಸರೆಯಲ್ಲಿ ಆ ಏರನ್ನು ಹತ್ತುತ್ತದೆ. ಇಳಿದ ಮೇಲೆ ಕಿವಿಯ ಬದಲು ಕಣ್ಣಿಗೆ ಕೆಲಸ ಕೊಟ್ಟು ಮನೆಗಳ ಕಿಟಕಿಗಳನ್ನು ನೋಡಿ. ಸಾಮಾನ್ಯ ಮನೆಗೆ ಬೇಕಾದದ್ದಕ್ಕಿಂತ ಬಹಳ ಎತ್ತರದ ಕಿಟಕಿಗಳು, ಒಳಗೆ ಸುಮಾರು ನಾಲ್ಕು ಮೀಟರ್ ಎತ್ತರದ ಸೂರು. 1804ರ ಹೊತ್ತಿಗೆ ಇದೇ ಊರಿನ ಜೋಸೆಫ್ ಮಾರಿ ಜಕಾರ್ ವಿನ್ಯಾಸ ನೇಯಲೆಂದು ರೂಪಿಸಿದ ಯಂತ್ರವು ಮಗ್ಗದ ನೆತ್ತಿಯ ಮೇಲೆ ಕೂರುವಂಥದ್ದಾದ್ದರಿಂದ, ಹತ್ತೊಂಬತ್ತನೆಯ ಶತಮಾನದಲ್ಲಿ ಗುಡ್ಡದ ಮೇಲೆ ಎದ್ದ ಮನೆಗಳನ್ನು ಮಗ್ಗದ ಎತ್ತರಕ್ಕೆ ತಕ್ಕಂತೆಯೇ ಕಟ್ಟಿದರು. ಉಳಿದ ಮೂಲೆಯಲ್ಲಿ ಅಟ್ಟ ಕಟ್ಟಿ ಮನೆಮಂದಿ ಅಲ್ಲಿ ಮಲಗುತ್ತಿದ್ದರು. ಹೀಗೆ ಮಗ್ಗದ ಜೊತೆಗೇ ಬದುಕುತ್ತಿದ್ದ ನೇಕಾರರನ್ನು ಅಲ್ಲಿ 'ಕಾನ್ಯೂ' ಎನ್ನುತ್ತಾರೆ. ವ್ಯಾಪಾರಿ ನೂಲನ್ನೂ ವಿನ್ಯಾಸವನ್ನೂ ಕೊಡುವುದು, ನೇಕಾರ ತನ್ನ ಮನೆಯ ಮಗ್ಗದಲ್ಲಿ ನೇಯ್ದು ಮಜೂರಿ ಪಡೆಯುವುದು: ಪದ್ಧತಿ ನಮ್ಮ ಕಡೆಯದೇ ಎನ್ನಿಸುವಷ್ಟು ಹತ್ತಿರ. ಆ ಮಜೂರಿಯ ದರಕ್ಕಾಗಿಯೇ ಅವರು 1831ರ ನವೆಂಬರಿನಲ್ಲಿ ದಂಗೆಯೆದ್ದು ಕೆಲವು ದಿನ ನಗರವನ್ನೇ ಕೈವಶ ಮಾಡಿಕೊಂಡಿದ್ದರು.

ಮೊದಲು ಇವ್ರಿ ಬೀದಿಯಲ್ಲಿರುವ ಮೆಜೋಂ ದೆ ಕಾನ್ಯೂ, ಅಂದರೆ ನೇಕಾರರ ಮನೆ, ಎಂಬಲ್ಲಿಗೆ ಹೋಗಿ. ಮೆಟ್ರೋ ನಿಲ್ದಾಣದಿಂದ ಕೆಲವೇ ನಿಮಿಷದ ನಡಿಗೆ. ಅಲ್ಲಿ ಮಗ್ಗವನ್ನು ನಡೆಸಿ ತೋರಿಸುತ್ತಾರೆ. ನೇಯುವವರು ಕಾಲ್ಮಣೆಯನ್ನು ತುಳಿದಾಗ ಮೇಲೆ ರಟ್ಟಿನ ಸರಮಾಲೆ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ರಟ್ಟಿನಲ್ಲಿ ತೂತಿದ್ದಲ್ಲಿ ಮಾತ್ರ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಎಳೆಗಳು ಮೇಲೇಳುತ್ತವೆ. ಎದ್ದ ಎಳೆಗಳಿಗೂ ಉಳಿದವಕ್ಕೂ ನಡುವಿನ ಸೀಳಿನೊಳಗೆ ಲಾಳಿ ಹಾಯ್ದುಹೋಗಿ ಹೊಕ್ಕು, ಅಂದರೆ ಅಡ್ಡ ಎಳೆ, ಬೀಳುತ್ತದೆ. ಒಂದು ರಟ್ಟಿಗೆ ಒಂದೇ ಹೊಕ್ಕು. ನಮ್ಮ ಮನೆಯ ಗುಂಡಿಮಗ್ಗದ ಮೇಲೂ ಅಂಚಿನ ಹೂವಿಗೆಂದು ಜಕಾರ್ಡ್ ಪೆಟ್ಟಿಗೆಯಿದೆ, ಆದರೆ ಅದು ಒಬ್ಬ ಮನುಷ್ಯನ ಹೆಸರು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. 1839ರಲ್ಲಿ ಅವನ ಭಾವಚಿತ್ರವನ್ನೇ ಸುಮಾರು 24,000 ರಟ್ಟುಗಳಿಂದ ರೇಷ್ಮೆಯಲ್ಲಿ ನೇಯ್ದರು; ನೋಡಿದವರು ಅದನ್ನು ಅಚ್ಚು ಹಾಕಿದ ಚಿತ್ರವೆಂದೇ ತಿಳಿಯುತ್ತಿದ್ದರು.

ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ರಿಶಾಂ ಬೀದಿಯ ಕಾರ್ಯಾಗಾರ. ಇಂತಹ ಮನೆ-ಕಾರ್ಯಾಗಾರಗಳು ಅಳಿಯಬಾರದೆಂದು 1993ರಲ್ಲಿ ಹುಟ್ಟಿದ ಸ್ವಾರಿ ವಿವಾಂತ್ ಎಂಬ ಸಂಘ ಅದನ್ನು ನೋಡಿಕೊಳ್ಳುತ್ತದೆ. ಉಡುಪಿಗೂ ಪೀಠೋಪಕರಣಕ್ಕೂ ಹೊಲಿಯುವ ಅಲಂಕಾರದ ಪಟ್ಟಿಗಳನ್ನು ಒಮ್ಮೆಗೇ ಹಲವು ಸಾಲುಗಳಲ್ಲಿ ನೇಯುವ ಮಗ್ಗ ಅಲ್ಲಿದೆ. ವಸ್ತುಸಂಗ್ರಹಾಲಯಕ್ಕಿಂತ ಯಾರದೋ ಮನೆಗೆ ಹೋದ ಹಾಗಾಗುತ್ತದೆ. ಎರಡೂ ಕಡೆ ವಿವರಣೆಯ ಭೇಟಿಗೆ ಗೊತ್ತಾದ ವೇಳೆಯಿದೆ, ಆದ್ದರಿಂದ ರೈಲಿನ ಟಿಕೆಟ್ ತೆಗೆಯುವ ಮುನ್ನವೇ ವೇಳಾಪಟ್ಟಿ ನೋಡಿ ಕಾದಿರಿಸಿಕೊಳ್ಳಿ.

ಇಂದಿಗೂ ಮಾರಾಟಕ್ಕೆ ನೇಯುವವರೇ ಬೇಕೆಂದರೆ, 1752ರಿಂದ ನಡೆದುಬಂದಿರುವ ಪ್ರೆಲ್ ಎಂಬ ಸಂಸ್ಥೆ ಅದೇ ಗುಡ್ಡದಲ್ಲಿದೆ. ವರ್ಸೈ ಅರಮನೆಯ ದುರಸ್ತಿಗೆ ಹಳೆಯ ವಿನ್ಯಾಸಗಳನ್ನು ಮತ್ತೆ ನೇಯ್ದು ಕೊಟ್ಟವರಲ್ಲಿ ಅವರೂ ಸೇರಿದ್ದಾರೆ. ಕೈಮಗ್ಗದ ಹೂಬಿಡಿಸಿದ ಮಖಮಲ್ಲು ದಿನಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವಂಥದ್ದು. ಆದರೆ ಅದು ಪ್ರವಾಸಿಗರಿಗೆಂದು ತೆರೆದಿಟ್ಟ ಜಾಗವಲ್ಲ. ಸುಮ್ಮನೆ ಹೋಗಿ ಬಾಗಿಲು ತಟ್ಟಬೇಡಿ.

ಹಿಂತಿರುಗುವಾಗ ಮೆಟ್ರೋ ಬಿಟ್ಟು ನಡೆದೇ ಇಳಿಯಿರಿ. ಕಟ್ಟಡಗಳ ಒಳಗಿನಿಂದಲೇ ಒಂದು ಬೀದಿಯಿಂದ ಇನ್ನೊಂದಕ್ಕೆ ದಾಟುವ 'ತ್ರಾಬೂಲ್' ಎಂಬ ಓಣಿಗಳು ಅಲ್ಲಿವೆ. ನೇಯ್ದ ರೇಷ್ಮೆ ಮಳೆಗೆ ನೆನೆಯದಂತೆ ಇವುಗಳ ಮೂಲಕ ಸಾಗಿಸುತ್ತಿದ್ದರೆನ್ನುತ್ತಾರೆ. ಕೂರ್ ದೆ ವೊರಾಸ್ ಎಂಬ ಅಂಗಳದ ಆರು ಅಂತಸ್ತಿನ ಕಲ್ಲಿನ ಮೆಟ್ಟಿಲನ್ನು ತಪ್ಪಿಸಿಕೊಳ್ಳಬೇಡಿ. ಈಗಲೂ ಜನ ವಾಸವಿರುವ ಮನೆಗಳವು, ಹಾಗಾಗಿ ಅಲ್ಲಿ ಮಾತು ಸ್ವಲ್ಪ ಮೆಲ್ಲಗಿರಲಿ.